ಪಂಪ್ ನಿಂತ ಮೇಲೂ ನೀರು ಬರ್ತಾ ಇತ್ತು

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ತಿದ್ದಲಾಗಿದೆ. ಮಾವನ ಮಾತುಗಳನ್ನು ಕುಂದಾಪ್ರ ಕನ್ನಡದಲ್ಲೇ ಉಳಿಸಿಕೊಂಡಿದ್ದೇವೆ.)

ಹೆಡ್‌ಫೋನ್ ಇದ್ರೆ ಇವತ್ತು ದಯವಿಟ್ಟು ಹಾಕ್ಕೊಳ್ಳಿ. ಮೊದಲು ಒಂದು ಶಬ್ದ ಕೇಳಿಸ್ತೀನಿ.

[ನೀರು ಬೋಟಿಗೆ ಬಡಿಯುವ ಶಬ್ದ. ಸಣ್ಣ ಮೋಟಾರ್ ಗುಂಯ್ ಎಂದು ಶುರುವಾಗಿ, 18 ಸೆಕೆಂಡ್ ಓಡಿ, ನಿಲ್ಲುತ್ತದೆ.]

ಇದು ಗಂಗೊಳ್ಳಿಯಿಂದ ಹದಿನೆಂಟು ನಾಟಿಕಲ್ ಮೈಲಿ ದೂರದಲ್ಲಿ, ಇಪ್ಪತ್ತು ಮಾರು ಆಳದ ನೀರಲ್ಲಿ ಆಂಕರ್ ಹಾಕಿ ನಿಂತಿದ್ದ ನಮ್ಮ ಮಾವನ ಟ್ರಾಲ್ ಬೋಟಿನ ಶಬ್ದ. ಕಳೆದ ಜನವರಿಯದ್ದು. ಗುಂಯ್ ಅಂದದ್ದು ಬಿಲ್ಜ್ ಪಂಪ್. ಗೊತ್ತಿಲ್ಲದವರಿಗೆ ಹೇಳ್ತೀನಿ, ಬೋಟಿನ ಹೊಟ್ಟೆಯ ತಳದಲ್ಲಿ, ಇಂಜಿನ್ ರೂಮಿನ ಹಲಗೆಗಳ ಕೆಳಗೆ, ಯಾವಾಗಲೂ ಸ್ವಲ್ಪ ನೀರು ಸೇರ್ತಾ ಇರುತ್ತೆ. ಆ ಜಾಗ ಬಿಲ್ಜ್. ಅಲ್ಲಿ ಬ್ಯಾಟರಿಯಲ್ಲಿ ಓಡೋ ಒಂದು ಪಂಪ್ ಕೂತಿರುತ್ತೆ, ಪಕ್ಕದಲ್ಲಿ ಒಂದು ಫ್ಲೋಟ್ ಸ್ವಿಚ್. ನೀರು ಏರಿದ್ರೆ ಫ್ಲೋಟ್ ಏಳುತ್ತೆ, ಪಂಪ್ ಆನ್. ನೀರು ಇಳಿದ್ರೆ ಆಫ್. ಮನೆ ಮೇಲಿನ ಟ್ಯಾಂಕಿನ ಆಟೋಮ್ಯಾಟಿಕ್ ಸ್ವಿಚ್ ಇರುತ್ತಲ್ಲ, ಅದೇ ಕಥೆ ಉಲ್ಟಾ.

ನಾನು ಆ ಟ್ರಿಪ್‌ಗೆ ಹೋಗಿದ್ದು ಮೀನು ಹಿಡಿಯೋಕಲ್ಲ. ಬಿ.ಕಾಂ. ಮುಗಿಸಿದಾಗಿಂದ ಮಾವನ ಬೋಟಿನ ಲೆಕ್ಕ ನಾನೇ ನೋಡ್ತೀನಿ. ಡೀಸೆಲ್, ಐಸ್, ಕಲಾಸಿಗಳ ಪಾಲು, ಬ್ಯಾಂಕಿನ ಕಂತು, ಎಲ್ಲ. ಆದ್ರೆ ಬೋಟಿನ ರಾತ್ರಿ ಹೇಗಿರುತ್ತೆ ಅಂತ ರೆಕಾರ್ಡ್ ಮಾಡಬೇಕು, ಅದರ ಮೇಲೆ ಒಂದು ಸಂಚಿಕೆ ಮಾಡಬೇಕು ಅನ್ನೋ ಆಸೆ ಇತ್ತು. ಇಂಜಿನ್ ರೂಮಿನ ಬಾಗಿಲ ಹತ್ತಿರ ರೆಕಾರ್ಡರ್ ಇಟ್ಟು ಮಲಗಿದೆ. ಹೀಗಾಗಿ ಆ ರಾತ್ರಿ ಏನಾಯ್ತು ಅನ್ನೋದರ ಐದು ಗಂಟೆ ಆಡಿಯೋ ನನ್ನ ಹತ್ತಿರ ಇದೆ. ನಾನು ಹತ್ತು ಅಡಿ ದೂರದಲ್ಲಿ ಗೊರಕೆ ಹೊಡೀತಿರೋದೂ ಅದರಲ್ಲಿದೆ. ಅದನ್ನ ಕೇಳಿಸಲ್ಲ.

ಬೋಟಲ್ಲಿ ಮಾವನೂ ಸೇರಿ ಆರು ಜನ, ಏಳನೆಯವನು ನಾನು. ಮಾವನೇ ತಾಂಡೇಲ. ಇಬ್ಬರು ನಮ್ಮ ಊರಿನವರು, ಒಬ್ಬರು ಹೊನ್ನಾವರ ಕಡೆಯವರು, ಇನ್ನಿಬ್ಬರು ಒಡಿಶಾದವರು. ಒಡಿಶಾದವರಲ್ಲಿ ಚಿಕ್ಕವನು ಅಡುಗೆ ಮಾಡ್ತಾನೆ, ಇಪ್ಪತ್ತರ ಹುಡುಗ. ಮೂರನೇ ದಿನ ರಾಣಿ ಮೀನು ಚೆನ್ನಾಗಿ ಬಿದ್ದಿತ್ತು. ಸ್ಟೋರೇಜ್ ತುಂಬಿ, ಹಿಂದಿನ ಡೆಕ್ ಮೇಲೂ ಕ್ರೇಟ್ ಜೋಡಿಸಿದ್ರು. ಎಲ್ಲರಿಗೂ ಖುಷಿ. ಬೆಳಿಗ್ಗೆ ಇನ್ನೊಂದು ಬಲೆ ಎಳೆದು ವಾಪಸ್ ಹೋಗೋದು ಅಂತ ಇಂಜಿನ್ ಬಂದ್ ಮಾಡಿ ಮಲಗಿದ್ವಿ.

ರಾತ್ರಿ 2.20ಕ್ಕೆ ಆ ಹುಡುಗ ಎದ್ದ. ಕುಡಿಯೋ ನೀರಿಗೆ ಎದ್ದವನು, ಕೆಳಗಿಂದ ಬೇರೆ ನೀರಿನ ಶಬ್ದ ಕೇಳಿ ಟಾರ್ಚ್ ಹಾಕಿದ. ಇಂಜಿನ್ ರೂಮಿನ ಹಲಗೆಗಳು ತೇಲ್ತಾ ಇದ್ವು. 'ಪಾನಿ, ಪಾನಿ' ಅಂತ ಕೂಗಿದ್ದು ರೆಕಾರ್ಡಿಂಗ್‌ನಲ್ಲಿ ಸ್ಪಷ್ಟ ಇದೆ.

ನಾನು ಎದ್ದು ಮಾಡಿದ ಮೊದಲ ಕೆಲಸ ಬಕೆಟ್ ಹುಡುಕಿದ್ದು. ಮಾವ ಬಕೆಟ್ ಕಡೆ ನೋಡಲೇ ಇಲ್ಲ. ಏಣಿ ಇಳಿದು, ನೀರಲ್ಲಿ ನಿಂತು, ಟಾರ್ಚ್ ಬಿಟ್ಟು ನೋಡಿದ್ದು ಇಂಜಿನ್ನಿನ ಸೆಲ್ಫ್ ಮೋಟಾರ್. ನೀರಿಗೂ ಅದಕ್ಕೂ ಒಂದು ಅಂಗೈ ಅಂತರ ಇತ್ತು. 'ಮೊದ್ಲ್ ಇಂಜಿನ್ ಸ್ಟಾರ್ಟ್ ಮಾಡ್' ಅಂದ್ರು. ಆವಾಗ ನಂಗೆ ಅರ್ಥ ಆಗ್ಲಿಲ್ಲ. ಮುಳುಗ್ತಿರೋ ಬೋಟಲ್ಲಿ ಇಂಜಿನ್ ಯಾಕೆ? ಆಮೇಲೆ ಗೊತ್ತಾಯ್ತು. ಸೆಲ್ಫ್ ಮೋಟಾರಿಗೆ ಉಪ್ಪುನೀರು ಹೋದ್ರೆ ಇಂಜಿನ್ ಮತ್ತೆ ಏಳಲ್ಲ. ಇಂಜಿನ್ ಏಳದಿದ್ರೆ ಬ್ಯಾಟರಿ ಚಾರ್ಜ್ ಇಲ್ಲ, ಬೆಲ್ಟ್ ಪಂಪ್ ಇಲ್ಲ, ದಡಕ್ಕೆ ಹೋಗೋ ದಾರಿಯೂ ಇಲ್ಲ. ವೈರ್‌ಲೆಸ್ ಕೂಡ ಬ್ಯಾಟರಿ ಇರೋ ತನಕ ಅಷ್ಟೇ. ಇಂಜಿನ್ ಬಿತ್ತು. ಬಿತ್ತು ಅಂದ್ರೆ ನಮ್ಮ ಕಡೆ ಸ್ಟಾರ್ಟ್ ಆಯ್ತು ಅಂತ.

ಎರಡನೇ ಕೆಲಸ ವೈರ್‌ಲೆಸ್. ಮೂರು ಮೈಲಿ ಆಚೆ ನಮ್ಮೂರಿನ ಇನ್ನೊಂದು ಬೋಟ್ ಇತ್ತು. ಅವರು ಬಲೆ ಎತ್ತಿಕೊಂಡು ನಮ್ಮ ಕಡೆ ಬಂದ್ರು, ನಮ್ಮ ದೀಪ ಕಾಣೋ ದೂರದಲ್ಲಿ ಬೆಳಗಿನವರೆಗೂ ನಿಂತ್ರು. ಇಲ್ಲಿ ಒಂದು ಮಾತು ಹೇಳಿಬಿಡ್ತೀನಿ, ಬರೆದುಕೊಳ್ಳಿ: ವಿಎಚ್‌ಎಫ್ ಇದ್ರೆ ಚಾನೆಲ್ 16, ಫೋನ್ ಸಿಗ್ನಲ್ ಇದ್ರೆ ಕೋಸ್ಟ್ ಗಾರ್ಡ್ 1554, ಕರಾವಳಿ ಕಾವಲು ಪೊಲೀಸ್ 1093. ನಮ್ಮವರು ಮೊದಲು ಪಕ್ಕದ ಬೋಟಿಗೇ ಹೇಳೋದು, ಅದು ತಪ್ಪಲ್ಲ. ಆದ್ರೆ ಹದಿನೆಂಟು ಮೈಲಿ ಆಚೆ ಫೋನಿನಲ್ಲಿ ಒಂದು ಕಡ್ಡಿಯೂ ಇರಲಿಲ್ಲ ಅನ್ನೋದು ನೆನಪಿರಲಿ.

ಮೂರನೆಯದು, ನಂಗೆ ಆಶ್ಚರ್ಯ ಆಗಿದ್ದು. ಮಾವ ನಂಗೆ ಹೇಳಿದ್ರು, 'ಆ ನೀರ್ ನಾಲ್ಗಿಗ್ ಹಾಕಿ ಕಾಣ್.'

ಡೀಸೆಲ್ ವಾಸನೆಯ ಕಪ್ಪು ನೀರು. ಹಾಕಿ ನೋಡಿದೆ. ಉಪ್ಪು.

'ಬಿಸಿ ಇತ್ತಾ, ತಣ್ಣಗ್ ಇತ್ತಾ?'

ತಣ್ಣಗೆ.

ಇಷ್ಟರಲ್ಲೇ ಎರಡು ಅನುಮಾನ ಹೋಯ್ತು. ಸಪ್ಪೆ ಇದ್ದಿದ್ರೆ ಸ್ಟೋರೇಜಿನ ಐಸ್ ಕರಗಿದ ನೀರು, ಇಲ್ಲಾ ಕುಡಿಯೋ ನೀರಿನ ಟ್ಯಾಂಕ್. ಬೋಟಿಗೆ ಅದರಿಂದ ಅಂಥ ಅಪಾಯ ಇಲ್ಲ. ಬಿಸಿ ಇದ್ದಿದ್ರೆ ಇಂಜಿನ್ ತಂಪು ಮಾಡಿ ಹೊರಗೆ ಹೋಗೋ ನೀರಿನ ಪೈಪ್ ಎಲ್ಲೋ ಬಿಟ್ಟಿದೆ ಅಂತ. ಆದ್ರೆ ಇಂಜಿನ್ ಹತ್ತು ಗಂಟೆಗೇ ಬಂದ್ ಆಗಿತ್ತು, ನೀರು ಬಂದದ್ದು ಆಮೇಲೆ. ಅಂದ್ರೆ ಸಮುದ್ರದ ನೀರೇ, ನೇರವಾಗಿ ಒಳಗೆ ಬರ್ತಾ ಇದೆ. ಹಲಗೆ ಬಿಟ್ಟಿರಬಹುದು, ಫ್ಯಾನ್ ಶಾಫ್ಟಿನ ಗ್ಲ್ಯಾಂಡ್ ಇರಬಹುದು, ಇಂಜಿನ್ನಿಗೆ ಸಮುದ್ರದ ನೀರು ಎಳೆಯೋ ವಾಲ್ವ್ ಮತ್ತು ಅದರ ಪೈಪ್ ಇರಬಹುದು.

ಗ್ಲ್ಯಾಂಡ್ ಬಗ್ಗೆ ಸ್ವಲ್ಪ ಹೇಳಬೇಕು, ಯಾಕಂದ್ರೆ ಬೋಟಿಗೆ ನೀರು ಬಂತು ಅಂದ್ರೆ ಎಲ್ಲರೂ ಮೊದಲು ಬೈಯೋದು ಅದನ್ನೇ. ಶಾಫ್ಟ್ ಬೋಟಿನ ಒಳಗಿಂದ ಹೊರಗೆ ಹೋಗೋ ತೂತಿನಲ್ಲಿ, ನೀರು ಬರದ ಹಾಗೆ ಗ್ರೀಸ್ ಹಾಕಿದ ಹಗ್ಗ ಸುತ್ತಿ, ನಟ್ಟಿನಿಂದ ಒತ್ತಿ ಹಿಡಿದಿರ್ತಾರೆ. ಗ್ಲ್ಯಾಂಡ್ ರೋಪ್ ಅಂತಾರೆ. ಶಾಫ್ಟ್ ತಿರುಗುವಾಗ ಅಲ್ಲಿಂದ ತೊಟ್ಟು ತೊಟ್ಟು ನೀರು ಬೀಳಲೇಬೇಕು. ಆ ತೊಟ್ಟೇ ಶಾಫ್ಟನ್ನ ತಂಪಾಗಿಡೋದು. ತೊಟ್ಟು ನೋಡಿ ಹೆದರಿ ನಟ್ಟು ಬಿಗಿ ಮಾಡ್ತಾ ಹೋದ್ರೆ ಹಗ್ಗ ಸುಟ್ಟು, ಶಾಫ್ಟಿನಲ್ಲಿ ಗೆರೆ ಬಿದ್ದು, ಆಮೇಲೆ ನಿಜವಾಗಿಯೂ ಸೋರೋಕೆ ಶುರು. ಶಾಫ್ಟ್ ನಿಂತಾಗ ತೊಟ್ಟು ನಿಲ್ಲಬೇಕು, ಇಲ್ಲಾ ತೀರಾ ಕಡಿಮೆ ಆಗಬೇಕು. ಮಾವ ಇಂಜಿನ್ ಸ್ಟಾರ್ಟ್ ಮಾಡಿಸಿದ್ರೂ ಗೇರ್ ಹಾಕಿಸಲಿಲ್ಲ. ನೀರಿನ ಅಡಿಗೆ ಕೈ ಹಾಕಿ ಗ್ಲ್ಯಾಂಡ್ ಮುಟ್ಟಿ, 'ಇದಲ್ಲ' ಅಂದ್ರು. ಕೈಗೆ ನೀರಿನ ಒತ್ತಡ ತಾಗಲಿಲ್ಲವಂತೆ.

ಈಗ ನೀರು ಹೊರಗೆ ಹೋಗಬೇಕು. ಕರೆಂಟ್ ಪಂಪ್ ಸತ್ತಿತ್ತು. ಇಂಜಿನ್ ಬೆಲ್ಟಿನಿಂದ ಓಡೋ ಇನ್ನೊಂದು ಪಂಪ್ ಇದೆ, ಡೆಕ್ ತೊಳೆಯೋಕೂ ಅದೇ. ಅದರ ಬೆಲ್ಟ್ ಒದ್ದೆಯಾಗಿ ಜಾರ್ತಾ ಇತ್ತು, ನೀರು ಎಳೆಯಲಿಲ್ಲ. ಕೈಪಂಪ್ ಇತ್ತು. ಅದರ ವಾಷರ್ ಒಣಗಿ ಬಿರುಕು ಬಿಟ್ಟಿತ್ತು, ಎಷ್ಟು ಒತ್ತಿದ್ರೂ ಬರೀ ಗಾಳಿ. ನಮ್ಮ ಬೋಟಲ್ಲಿ ಮೂರು ಪಂಪ್ ಇದೆ ಅಂತ ಇನ್ಶೂರೆನ್ಸ್ ಅರ್ಜಿಯಲ್ಲಿ ನಾನೇ ಬರೆದಿದ್ದೆ. ಆ ರಾತ್ರಿ ಮೂರೂ ಸೇರಿ ಸೊನ್ನೆ.

ಬಕೆಟ್ಟಿನ ವಿಷಯ ಕೇಳಿ. ನೀರಿನ ಮಟ್ಟದಿಂದ ಎರಡು ಅಡಿ ಕೆಳಗೆ ಒಂದು ಇಂಚು ಅಗಲದ ತೂತು ಇದ್ರೆ ನಿಮಿಷಕ್ಕೆ ಸುಮಾರು 60 ಲೀಟರ್ ಒಳಗೆ ಬರುತ್ತೆ. ಗಂಟೆಗೆ 3,600 ಲೀಟರ್, ಅಂದ್ರೆ ಮೂರೂವರೆ ಟನ್ ಮೇಲೆ. 15 ಲೀಟರಿನ ಬಕೆಟ್ಟಾದ್ರೆ ನಿಮಿಷಕ್ಕೆ ನಾಲ್ಕು, ಕಡಿದಾದ ಏಣಿಯಲ್ಲಿ, ನಿಲ್ಲದೆ, ರಾತ್ರಿಯಿಡೀ. ತೂತು ಎರಡು ಇಂಚಾದ್ರೆ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಪಂಪಿನ ಡಬ್ಬಿ ಮೇಲೆ ಗಂಟೆಗೆ 2000 ಗ್ಯಾಲನ್ ಅಂತ ಬರೆದಿರುತ್ತೆ, ಅಂದ್ರೆ ಏಳೂವರೆ ಸಾವಿರ ಲೀಟರ್. ಓದಿದ್ರೆ ಧೈರ್ಯ ಬರುತ್ತೆ. ಆದ್ರೆ ಅದು ನೀರನ್ನ ಒಂದು ಇಂಚೂ ಮೇಲೆತ್ತದೆ, ಬ್ಯಾಟರಿ ಫುಲ್ ಇದ್ದಾಗಿನ ಲೆಕ್ಕ. ನಾಲ್ಕೈದು ಅಡಿ ಎತ್ತಬೇಕು, ಪೈಪ್ ಅಲ್ಲಲ್ಲಿ ಬಾಗಿದೆ, ವೈರ್ ತುಕ್ಕು ಹಿಡಿದಿದೆ ಅಂದ್ರೆ ಅರ್ಧ ಬಂದ್ರೂ ಪುಣ್ಯ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಡಬ್ಬಿ ಮೇಲಿರೋದು ಗ್ರಾಸ್, ಬೋಟಿಗೆ ಸಿಗೋದು ನೆಟ್.

ಮಾವ ಮಾಡಿದ್ದು ಇಷ್ಟು. ಇಂಜಿನ್ ತನ್ನನ್ನ ತಂಪು ಮಾಡ್ಕೊಳ್ಳೋಕೆ ಸಮುದ್ರದಿಂದ ನೀರು ಎಳೆಯುತ್ತೆ ಅಂದೆನಲ್ಲ. ಆ ವಾಲ್ವ್ ಬಂದ್ ಮಾಡಿಸಿ, ಅದರ ಪೈಪಿನ ಕ್ಲಿಪ್ ಬಿಚ್ಚಿ, ಪೈಪಿನ ಬಾಯಿಯನ್ನ ಬೋಟಿನ ಒಳಗಿನ ನೀರಿಗೇ ಇಳಿಸಿದ್ರು. ಇಂಜಿನ್ ಈಗ ಸಮುದ್ರದ ಬದಲು ನಮ್ಮ ಹೊಟ್ಟೆಯೊಳಗಿನ ನೀರು ಕುಡಿದು ಹೊರಗೆ ಉಗುಳೋಕೆ ಶುರು ಮಾಡ್ತು. ಪೈಪಿನ ಬಾಯಿಗೆ ಈರುಳ್ಳಿ ಚೀಲ ಎರಡು ಸುತ್ತು ಕಟ್ಟಿದ್ರು. ಬಿಲ್ಜ್‌ನಲ್ಲಿ ಏನಿರಲ್ಲ ಹೇಳಿ, ಬಲೆ ನೂಲು, ಬೀಡಿ ತುಂಡು, ಮೀನಿನ ಸಿಪ್ಪೆ, ಗುಟ್ಕಾ ಚೀಟಿ. ಅದು ಇಂಜಿನ್ನಿನ ಪಂಪಿಗೆ ಹೋದ್ರೆ ಆಟ ಮುಗೀತು. ಆ ಹುಡುಗನಿಗೆ ಕೊಟ್ಟ ಕೆಲಸ ಪೈಪಿನ ಬಾಯಿ ನೀರಿನ ಮೇಲೆ ಬರದ ಹಾಗೆ ಹಿಡಿದು ಕೂರೋದು. ಗಾಳಿ ಎಳೆದ್ರೆ ಆ ಪಂಪಿನ ಒಳಗಿರೋ ರಬ್ಬರ್ ಚಕ್ರ ಒಣ ಓಡಿ ನಿಮಿಷಗಳಲ್ಲಿ ಸುಟ್ಟುಹೋಗುತ್ತೆ, ಹಿಂದೇನೇ ಇಂಜಿನ್ ಹೀಟ್. ಎದೆಮಟ್ಟ ಕತ್ತಲಲ್ಲಿ, ಡೀಸೆಲ್ ವಾಸನೆಯಲ್ಲಿ, ಅವನು ನಲವತ್ತು ನಿಮಿಷ ಹಾಗೇ ಕೂತಿದ್ದ. ಇದನ್ನ ಮನೆಯಲ್ಲಿ ಕಲಿತುಕೊಳ್ಳಿ ಅಂತ ಹೇಳ್ತಿಲ್ಲ. ಎಲ್ಲ ಇಂಜಿನ್ನಿನಲ್ಲೂ ಇದು ಆಗಲ್ಲ. ನಿಮ್ಮ ಬೋಟಲ್ಲಿ ಆಗುತ್ತಾ ಅಂತ ದಡದಲ್ಲಿದ್ದಾಗ ಮೆಕ್ಯಾನಿಕ್‌ಗೆ ಕೇಳಿ.

ನನಗೆ ಕೊಟ್ಟ ಕೆಲಸ ಸೀಮೆಸುಣ್ಣ. ಬೋಟಿನ ಒಳಗಿನ ಪಕ್ಕೆಲುಬಿನ ಮರದ ಮೇಲೆ ನೀರಿನ ಮಟ್ಟಕ್ಕೆ ಗೆರೆ ಎಳೆದು, ಐದೈದು ನಿಮಿಷಕ್ಕೆ ಹೊಸ ಗೆರೆ. ಮೊದಲ ಎರಡು ಗೆರೆ ಹೆಚ್ಚುಕಡಿಮೆ ಒಂದೇ ಕಡೆ. ಮೂರನೆಯದು ಒಂದು ಬೆರಳು ಕೆಳಗೆ. ಆ ಬೆರಳಗಲ ಮರ ನೋಡಿ ನನಗೆ ಬಂದ ನೆಮ್ಮದಿಯನ್ನ ಯಾವ ಬ್ಯಾಲೆನ್ಸ್ ಶೀಟೂ ಕೊಟ್ಟಿಲ್ಲ. ವಾಲ್ವ್ ಬಂದ್ ಆಗಿದ್ರೂ ಬೋಟ್ ಆ ಕಡೆ ವಾಲಿದಾಗ ನೀರು ಬರೋದು ನಿಂತಿರಲಿಲ್ಲ, ಹಾಗಾಗಿ ಆ ವಾಲ್ವಿನ ಅನುಮಾನವೂ ಹೋಯ್ತು.

ಮೂರೂಕಾಲಿಗೆ ನೀರು ಮೊಣಕಾಲಿಗೆ ಇಳಿದಾಗ ಸತ್ತ ಪಂಪ್ ಕೈಗೆ ಸಿಕ್ತು. ಫ್ಯೂಸ್ ಹೋಗಿತ್ತು. ನಮ್ಮ ಹೊನ್ನಾವರದವರು ಹೊಸ ಫ್ಯೂಸ್ ಹಾಕಿದ್ರು, ಅದೂ ತಕ್ಷಣ ಹೋಯ್ತು. ಕೆಲವರು ಈ ಹಂತದಲ್ಲಿ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದವೋ ದಪ್ಪ ವೈರೋ ಸುತ್ತಿಬಿಡ್ತಾರೆ. ಡೀಸೆಲ್ ತೇಲ್ತಿರೋ ನೀರಿನ ಮೇಲೆ ವೈರ್ ಕೆಂಪಾದ್ರೆ ಏನಾಗುತ್ತೆ ಅಂತ ಯೋಚನೆ ಮಾಡಿ. ಎರಡನೇ ಫ್ಯೂಸೂ ಹೋಯ್ತು ಅಂದ್ರೆ ತಪ್ಪು ಫ್ಯೂಸಿನದ್ದಲ್ಲ, ಪಂಪ್ ಏನನ್ನೋ ಕಚ್ಚಿ ಹಿಡಿದಿದೆ. ತಳದ ಜಾಲರಿ ಬಿಚ್ಚಿದ್ರೆ ಚಕ್ರಕ್ಕೆ ಬಲೆಯ ನೈಲಾನ್ ನೂಲು, ದಾರದುಂಡೆ ತರ ಸುತ್ತಿತ್ತು. ಜಾಲರಿಯ ಒಂದು ಹಲ್ಲು ಮುರಿದಿತ್ತು, ಅಲ್ಲಿಂದ ನುಗ್ಗಿದೆ. ಚಾಕುವಿನಿಂದ ಕೊಯ್ದು ತೆಗೆದು, ಮೂರನೇ ಫ್ಯೂಸ್ ಹಾಕಿದ್ರೆ, ಗುಂಯ್.

ಎಲ್ಲರೂ ಒಂದು ಸಲ ಕೂಗಿದ್ವಿ. ಅದೂ ರೆಕಾರ್ಡಿಂಗ್‌ನಲ್ಲಿದೆ.

ನೀರು ಇಳೀತು. ಪಂಪ್ ತಾನಾಗಿ ಆಫ್ ಆಯ್ತು. ಮಾವ ಇಂಜಿನ್ ಪೈಪನ್ನ ವಾಪಸ್ ಅದರ ಜಾಗಕ್ಕೆ ಹಾಕಿದ್ರು. ಚಹಾ ಇಡೋಕೆ ಹೇಳಿದ್ರು. ನಾನು ಸುಮ್ಮನೆ, ಕೈಯಲ್ಲಿ ಸೀಮೆಸುಣ್ಣ ಇತ್ತಲ್ಲ ಅಂತ, ಇನ್ನೊಂದು ಗೆರೆ ಎಳೆದೆ. ಐದು ನಿಮಿಷ ಬಿಟ್ಟು ನೋಡಿದ್ರೆ ಗೆರೆ ನೀರೊಳಗೆ ಹೋಗಿತ್ತು.

'ಮಾವ, ಮತ್ತೆ ಬರ್ತಾ ಉಂಟು.'

ಮಾವನ ಮುಖ ಆಗ ಮೊದಲ ಸಲ ಬಾಡಿದ್ದು ನೋಡಿದೆ. ಪಂಪ್ ಹಾಳಾಗಿದ್ದಕ್ಕೆ ನೀರು ತುಂಬಿತು, ಸರಿ. ಆದ್ರೆ ನೀರು ಬರ್ತಿರೋದು ಎಲ್ಲಿಂದ? ಹಲಗೆ ಬಿಟ್ಟಿದ್ರೆ ಸಮುದ್ರದ ಮಧ್ಯೆ ಏನು ಮಾಡೋದು? ಟಾರ್ಚ್ ಹಿಡಿದು ಒಂದೊಂದೇ ಹಲಗೆ ಸಂದಿ ತಡವುತ್ತಾ ಹೋದ್ರು. ಒಣಗಿತ್ತು ಅನ್ನೋಕಾಗಲ್ಲ, ಆದ್ರೆ ಎಲ್ಲೂ ನೀರು ಹರೀತಿರಲಿಲ್ಲ. ಪಂಪ್ ಮತ್ತೆ ತಾನಾಗಿ ಆನ್ ಆಗಿ, ನೀರು ಎಳೆದು, ಆಫ್ ಆಯ್ತು. ಐದು ನಿಮಿಷಕ್ಕೆ ಮತ್ತೆ ನೀರು.

ಕಂಡುಹಿಡಿದಿದ್ದು ಆ ಹುಡುಗ. ಪಂಪಿನ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದವನು ನೀರಿಗೆ ಕೈ ಹಾಕಿ, ತೆಗೆದು, ಮತ್ತೆ ಹಾಕಿದ. 'ಇಸೀ ಸೇ ಆ ರಹಾ ಹೈ' ಅಂದ. ಇದರಿಂದಲೇ ಬರ್ತಿದೆ. ನಿಂತ ಪಂಪಿನ ತಳದಿಂದ ತಣ್ಣನೆ ನೀರು ಅವನ ಬೆರಳಿಗೆ ಹೊಡೀತಾ ಇತ್ತು.

ಮಾವ ಪಂಪಿನ ಪೈಪನ್ನ ಮಡಚಿ ಹಿಡಿದ್ರು. ನಾನು ಗೆರೆ ಎಳೆದೆ. ಐದು ನಿಮಿಷ. ಹತ್ತು ನಿಮಿಷ. ಗೆರೆ ಅಲ್ಲೇ ಇತ್ತು.

'ಪಂಪ್ ಸರಿ ಇತ್ತ್ ಮಗಾ. ಪೈಪೇ ಕಳ್ಳ.'

ಆಗಿದ್ದು ಇಷ್ಟು. ಪಂಪಿನಿಂದ ಹೊರಟ ಪೈಪ್ ನೇರವಾಗಿ ಬೋಟಿನ ಎಡಬದಿಯ ತೂತಿಗೆ ಹೋಗುತ್ತೆ. ಖಾಲಿ ಬೋಟ್ ಬಂದರಿನಲ್ಲಿ ನಿಂತಾಗ ಆ ತೂತು ನೀರಿನಿಂದ ಒಂದು ಗೇಣು ಮೇಲೆ ಇರುತ್ತೆ. ಮೀನು ತುಂಬಿ, ಹಿಂದಿನ ಡೆಕ್ಕಿಗೂ ಕ್ರೇಟ್ ಹೇರಿದಾಗ ಬೋಟಿನ ಹಿಂಭಾಗ ಇಳಿದು, ತೂತು ನೀರಿನ ಮಟ್ಟಕ್ಕೆ ಬಂತು. ಬೋಟ್ ಎಡಕ್ಕೆ ವಾಲಿದಾಗೆಲ್ಲ ಮುಳುಗ್ತಾ ಇತ್ತು. ಈ ಥರದ ಪಂಪ್ ನಿಂತಾಗ ಬಾಗಿಲು ಮುಚ್ಚಲ್ಲ, ಅದು ಬರೀ ಫ್ಯಾನ್, ಎರಡೂ ಕಡೆಗೆ ದಾರಿ ತೆರೆದೇ ಇರುತ್ತೆ. ಸಮುದ್ರ ಮೇಲೆ, ನಮ್ಮ ಹೊಟ್ಟೆ ಕೆಳಗೆ. ನೀರು ಪೈಪಿನಲ್ಲಿ ವಾಪಸ್ ಬರ್ತಾ ಇತ್ತು. ಫ್ಲೋಟ್ ಏಳ್ತು, ಪಂಪ್ ಅದೇ ನೀರನ್ನ ಹೊರಗೆ ಹಾಕ್ತು, ನಿಂತ್ತು, ಅದೇ ನೀರು ಮತ್ತೆ ಒಳಗೆ. ಪಂಪ್ ತಾನೇ ಒಳಗೆ ಬಿಟ್ಟ ನೀರನ್ನ ತಾನೇ ಹೊರಗೆ ಹಾಕ್ತಾ ರಾತ್ರಿ ಕಳೀತಾ ಇತ್ತು. ಹಾಗೆ ಓಡಿ ಓಡಿ ತಳದ ಕಸ ಎಲ್ಲ ಎಳ್ಕೊಂಡು, ನೂಲು ಸುತ್ತಿ, ಸತ್ತಿತು. ಸತ್ತ ಮೇಲೆ ನೀರು ತಡೆಯೋರಿಲ್ಲ.

ಈಗ ರೆಕಾರ್ಡಿಂಗ್ ಮತ್ತೆ ಕೇಳಿ. ಮೊದಲ ಗುಂಯ್ 11.04ಕ್ಕೆ. ಎರಡನೆಯದು 14 ನಿಮಿಷ ಬಿಟ್ಟು. ಆಮೇಲೆ 9 ನಿಮಿಷ. ಆಮೇಲೆ 6. ಹನ್ನೆರಡೂವರೆ ಮೇಲೆ ಅಲೆ ಸ್ವಲ್ಪ ಜೋರಾಗಿದೆ, ಬೋಟಿನ ಮರ ಕಿರುಗುಟ್ಟೋದು ಕೇಳುತ್ತೆ, ಪಂಪ್ ಮೂರು ನಿಮಿಷಕ್ಕೊಮ್ಮೆ ಏಳ್ತಾ ಇದೆ. 1.20ರಿಂದ ನಿಲ್ಲೋದೇ ಇಲ್ಲ.

[ಮೋಟಾರ್ ಶಬ್ದ. ಕ್ರಮೇಣ ದಪ್ಪವಾಗಿ, ನರಳಿದಂತಾಗಿ, ತಟ್ಟನೆ ನಿಲ್ಲುತ್ತದೆ. ನಂತರ ನೀರಿನ ಸದ್ದು ಮಾತ್ರ.]

1.52. ಇಲ್ಲಿ ಸತ್ತಿದ್ದು. ಮೂರು ಗಂಟೆ ಕಾಲ ಅದು ಹೇಳ್ತಾನೇ ಇತ್ತು. ಯಾರಿಗೂ ಎಚ್ಚರ ಆಗಲಿಲ್ಲ, ಯಾಕಂದ್ರೆ ಪಂಪ್ ಓಡೋ ಶಬ್ದ ನಮಗೆಲ್ಲ ಜೋಗುಳ. ಓಡ್ತಾ ಇದೆ ಅಂದ್ರೆ ಎಲ್ಲ ಸರಿ ಇದೆ.

ಪೈಪ್ ಬಿಚ್ಚಿ, ಡೆಕ್ ಮೇಲಕ್ಕೆ ಎಳೆದು, ಕಂಬಕ್ಕೆ ಹಗ್ಗದಿಂದ ಕಟ್ಟಿದ್ವಿ. ಬದಿಯ ತೂತಿಗೆ ಒಳಗಿಂದ ಮರದ ಗೂಟ ಬಡಿದ್ರು, ಬಟ್ಟೆ ಸುತ್ತಿ. ಅಷ್ಟೇ ರಿಪೇರಿ. ಬೆಳಿಗ್ಗೆ ಭರತ ನೋಡಿ ಅಳಿವೆ ದಾಟಿದ್ವಿ. ಪಂಚಗಂಗಾವಳಿ ಸಮುದ್ರ ಸೇರೋ ಆ ಬಾಯಿಯಲ್ಲಿ ಯಾವಾಗಲೂ ನನಗೆ ಭಯ, ಅವತ್ತು ಇರಲಿಲ್ಲ. ರಾಣಿ ಮೀನಿಗೆ ರೇಟೂ ಸಿಕ್ತು.

ಇಲ್ಲಿಗೆ ಸಂಚಿಕೆ ಮುಗಿಸಬಹುದಿತ್ತು. ನಾನು ಮೊದಲು ಬರೆದ ಸ್ಕ್ರಿಪ್ಟ್ ಇಲ್ಲಿಗೇ ಮುಗಿದಿತ್ತು.

ಆ ತೂತು ವರ್ಷಗಳಿಂದ ಅಲ್ಲೇ ಇತ್ತು, ಆಗೆಲ್ಲ ಯಾಕೆ ಹೀಗಾಗಲಿಲ್ಲ? ಎರಡು ವರ್ಷದ ಹಿಂದೆ ಬೋಟಿನ ಹಿಂಭಾಗದಲ್ಲಿ 500 ಲೀಟರಿನ ಇನ್ನೊಂದು ಡೀಸೆಲ್ ಟ್ಯಾಂಕ್ ಕೂರಿಸಿದ್ವಿ, ಜಾಸ್ತಿ ದಿನ ನಿಲ್ಲೋಕೆ. ನಾನೇ ಲೆಕ್ಕ ಹಾಕಿ, ಲಾಭ ತೋರಿಸಿ, ಮಾವನನ್ನ ಒಪ್ಪಿಸಿದ್ದು. ಬುಕ್ಕಿನಲ್ಲಿ ಅದನ್ನ ಸ್ಥಿರ ಆಸ್ತಿ ಅಂತ ಹಾಕಿದ್ದೆ, ಡಿಪ್ರಿಸಿಯೇಷನ್ ಕೂಡ ಸರಿಯಾಗಿ ಹಾಕಿದ್ದೆ. 500 ಲೀಟರ್ ಡೀಸೆಲ್ ಅಂದ್ರೆ 420 ಕೆ.ಜಿ. ಆಸುಪಾಸು. ಮೇಲೆ ಟ್ಯಾಂಕಿನ ಕಬ್ಬಿಣ. ಅಷ್ಟು ಭಾರ ಹಿಂದೆ ಕೂತ್ರೆ ಬೋಟ್ ಎಷ್ಟು ಇಳಿಯುತ್ತೆ ಅನ್ನೋ ಕಾಲಂ ನನ್ನ ಎಕ್ಸೆಲ್ ಶೀಟ್‌ನಲ್ಲಿ ಇರಲಿಲ್ಲ.

ಇದಾದ್ರೂ ಗೊತ್ತಿಲ್ಲದೆ ಆಗಿದ್ದು. ಇನ್ನೊಂದಿದೆ. ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರ ತನಕ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆ ಬಂದ್. 61 ದಿನ. ಬೋಟ್ ರಿಪೇರಿ, ಪೇಂಟಿಂಗ್ ಎಲ್ಲ ಆಗ. ಕಳೆದ ರಜೆಯಲ್ಲಿ ಬೋಟ್ ಕೆಲಸದವರು ಒಂದು ಪಟ್ಟಿ ಕೊಟ್ಟಿದ್ರು. ಅದರ ಒಂಬತ್ತನೇ ಸಾಲು: 'ಬಿಲ್ಜ್ ಪೈಪ್ ಹೋಲ್ ಮೇಲೆ ಮಾಡುವುದು, ಹಳೇ ಹೋಲ್ ಬಂದ್, ಪೈಪ್ ಲೂಪ್, 11,500.' ಪೈಪನ್ನ ಡೆಕ್ಕಿನ ಅಡಿತನಕ ಎತ್ತಿ, ಬಾಗಿಸಿ ಇಳಿಸಿ, ಬಾಗಿದ ತುದಿಯಲ್ಲಿ ಗಾಳಿ ಹೋಗೋಕೆ ಸಣ್ಣ ದಾರಿ ಬಿಡೋದು. ಆ ಗಾಳಿ ಇಲ್ಲದಿದ್ರೆ ಲೂಪ್ ಇದ್ರೂ ನೀರು ಒಮ್ಮೆ ಹಿಡಿದ್ರೆ ಎಳ್ಕೊಂಡೇ ಬರುತ್ತೆ, ಪೆಟ್ರೋಲ್ ಟ್ಯಾಂಕಿಗೆ ಪೈಪ್ ಹಾಕಿ ಬಾಯಲ್ಲಿ ಎಳೆದ ಹಾಗೆ. ಆ ಸಾಲಿನ ಮೇಲೆ ಕೆಂಪು ಪೆನ್ನಿನಲ್ಲಿ ಗೆರೆ ಹೊಡೆದದ್ದು ನಾನು. ಪೈಪ್ ಸರಿ ಇದೆಯಲ್ಲ, ಪಂಪ್ ಓಡ್ತಿದೆಯಲ್ಲ, ಬಿಲ್ ಜಾಸ್ತಿ ಮಾಡೋಕೆ ಬರೆದಿದ್ದಾರೆ ಅಂದುಕೊಂಡೆ. ಅದೇ ಪಟ್ಟಿಯಲ್ಲಿ ಪೇಂಟಿಗೆ 40,000 ಪಾಸ್ ಮಾಡಿದ್ದೆ. ಪೇಂಟ್ ಕಾಣುತ್ತೆ.

ಬಂದರಿಗೆ ಬಂದ ಮೂರು ದಿನ ಬಾಯಿಬಿಡಲಿಲ್ಲ. ನಾಲ್ಕನೇ ದಿನ ಪಟ್ಟಿ ತಗೊಂಡು ಹೋಗಿ ಮಾವನ ಮುಂದೆ ಇಟ್ಟೆ. ಕನ್ನಡಕ ಹಾಕ್ಕೊಂಡು ಒಂಬತ್ತನೇ ಸಾಲು ಓದಿದ್ರು. ಕೆಳಗೆ ನೋಡಿದ್ರು. 'ಗೀಟ್ ಎಳ್ದದ್ ನೀನ್. ಸಹಿ ಹಾಕ್ದದ್ ನಾನ್ ಅಲ್ದಾ' ಅಂದ್ರು. ಆಮೇಲೆ ಆ ವಿಷಯ ಎತ್ತಲಿಲ್ಲ. ಎತ್ತಿ ಬೈದಿದ್ರೆ ವಾಸಿ ಇತ್ತು.

ಕೆಲಸ ಅದೇ ವಾರ ಮಾಡಿಸಿದ್ವಿ. 12,400 ಆಯ್ತು. ಬೆಲ್ಟ್ ಪಂಪಿಗೆ ಹೊಸ ಬೆಲ್ಟ್, ಕೈಪಂಪಿಗೆ ವಾಷರ್, ವಾಷರಿಗೆ 60 ರೂಪಾಯಿ. ಈಗ ಪ್ರತಿ ಟ್ರಿಪ್ ಹೊರಡುವ ಮೊದಲು ಆ ಒಡಿಶಾದ ಹುಡುಗ ಎರಡು ಬಕೆಟ್ ನೀರು ಬಿಲ್ಜಿಗೆ ಸುರೀತಾನೆ. ಸ್ವಿಚ್ ಒತ್ತಿ ಗುಂಯ್ ಕೇಳಿದ್ರೆ ಸಾಲದು, ಫ್ಲೋಟ್ ತಾನಾಗಿ ಏಳಬೇಕು, ಹೊರಗಿನ ತೂತಿನಿಂದ ನೀರು ಬೀಳೋದನ್ನ ಇನ್ನೊಬ್ಬರು ಡೆಕ್ಕಿನಿಂದ ಬಗ್ಗಿ ಕಣ್ಣಾರೆ ನೋಡಬೇಕು. ನಿಮ್ಮ ಬೋಟಿನ ತೂತು ಎಲ್ಲಿದೆ ಅಂತ ನೋಡೋದಾದ್ರೆ ಖಾಲಿ ಇದ್ದಾಗ ನೋಡಬೇಡಿ, ತುಂಬಿಸಿಕೊಂಡು ಬಂದ ದಿನ, ಮೀನು ಇಳಿಸೋ ಮೊದಲು ನೋಡಿ. ಕೆಲವರು ಪೈಪಿಗೆ ಒಂದು ಒನ್‌ವೇ ವಾಲ್ವ್ ಹಾಕಿದ್ರೆ ಸಾಕು ಅಂತಾರೆ. ಮಾವ ಒಪ್ಪಲ್ಲ. ಬಾಗಿಲ ಸಂದಿಗೆ ಒಂದು ಮೀನಿನ ಸಿಪ್ಪೆ ಸಿಕ್ಕಿದ್ರೂ ಅದು ಮುಚ್ಚಲ್ಲ, ನೂಲು ಸಿಕ್ಕಿದ್ರೆ ತೆರೆಯೋದೂ ಇಲ್ಲ ಅನ್ನೋದು ಅವರ ಮಾತು. ನಾನೂ ಈಗ ಅದೇ ಪಾರ್ಟಿ.

ಕೊನೆಯದಾಗಿ ಅಮ್ಮ. ಅಮ್ಮನಿಗೆ ಅವತ್ತು ಬೆಲ್ಟ್ ಹರಿದಿತ್ತು, ತಡ ಆಯ್ತು ಅಂತಷ್ಟೇ ಹೇಳಿದ್ವಿ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೋದ ಸುವರ್ಣ ತ್ರಿಭುಜ ಬೋಟ್ ಏಳು ಜನರ ಸಮೇತ ಕಾಣೆಯಾಗಿ, 2019ರ ಮೇ ತಿಂಗಳಲ್ಲಿ ಮಾಲ್ವಣದ ಆಚೆ ಸಮುದ್ರದಡಿಯಲ್ಲಿ ಅದರ ಅವಶೇಷ ಸಿಕ್ಕಿತಲ್ಲ, ಆ ಐದು ತಿಂಗಳು ಈ ಕರಾವಳಿಯ ಎಷ್ಟೋ ಮನೆಗಳ ಥರ ನಮ್ಮನೆಯಲ್ಲೂ ಟಿವಿ ಆಫ್ ಆಗಿರಲಿಲ್ಲ. ಅವತ್ತಿಂದ ಅಮ್ಮ ಮಾವನ ಬೋಟ್ ಹೊರಡುವಾಗ ಎಷ್ಟು ಜನ ಅಂತ ಕೇಳ್ತಾಳೆ, ಬಂದ ಮೇಲೆ ಮತ್ತೆ ಕೇಳ್ತಾಳೆ. ಈ ಸಂಚಿಕೆ ಹಾಕಿದ್ರೆ ಪಕ್ಕದ ಮನೆಯವರ ಫೋನಿನಲ್ಲಾದ್ರೂ ಕೇಳ್ತಾಳೆ ಅಂತ ಗೊತ್ತಿತ್ತು. ಹಾಗಾಗಿ ನಿನ್ನೆ ರಾತ್ರಿ ಊಟ ಆದ ಮೇಲೆ ಎಲ್ಲ ಹೇಳಿದೆ, ಕೆಂಪು ಪೆನ್ನಿನ ವಿಷಯವನ್ನೂ.

ತುಂಬಾ ಹೊತ್ತು ಪಾತ್ರೆ ಒರೆಸ್ತಾ ಇದ್ಲು. ಆಮೇಲೆ, 'ಆ ಪೈಪ್ ಈಗ ಎಷ್ಟ್ ಮೇಲ್ ಹಾಕಿದ್ರಿ?' ಅಂತ ಕೇಳಿದ್ಲು.

'ಎರಡು ಗೇಣು' ಅಂದೆ.

ಕೈ ಚಾಚಿ ಗೋಡೆ ಮೇಲೆ ಎರಡು ಗೇಣು ಅಳೆದು ನೋಡಿದ್ಲು.